ಹಕ್ಕಿ ಮೊಟ್ಟೆ ಇಕ್ಕವೆ

ನಮ್ಮ ದೊಡ್ಡಮ್ಮ ದೊಡ್ಡಮುನಿಯಮ್ಮನನ್ನು ಊರವರು ಈಗ ಹಕ್ಕಿಗಳ ತಾಯಿ ಎಂದು ಹೊಗಳುತ್ತಾರೆ. ಅಯ್ಯೋ, ಸುಮ್ಮನಿರಿ! ಅವಳು ಹಕ್ಕಿ ಕಾದದ್ದು ಪ್ರೀತಿಗಲ್ಲ, ಹಗೆಗೆ. ನಾನು ಅವಳ ತಂಗಿಯ ಮಗಳು, ನನಗೆ ಗೊತ್ತು.

ಅಮೃತಹಳ್ಳಿಯ ಆಚೆ ನಮ್ಮೂರ ಕೆರೆಯ ನಡುವೆ ಒಂದು ಗಡ್ಡೆ. ಕೆರೆ ಕಟ್ಟುವುದಕ್ಕೆ ಮುಂಚೆ ಹಳೇ ಊರು ಅಲ್ಲೇ ಇತ್ತಂತೆ. ವೀರಗಲ್ಲು, ಒಡೆದ ಒರಳು, ಹಿರಿಯರ ಸಮಾಧಿಗಳು ಇವತ್ತಿಗೂ ಇವೆ. ಸತ್ತವರನ್ನು ಹರಿಗೋಲಿನಲ್ಲಿ ಒಯ್ದು ಅಲ್ಲೇ ಹೂಳುವುದು ನಮ್ಮ ಪದ್ಧತಿ. ದೊಡ್ಡಮ್ಮನ ಗಂಡ ಹನುಮಯ್ಯನೂ ಅಲ್ಲೇ ಮಲಗಿದ್ದ. ಆಷಾಢ ಬಂತೆಂದರೆ ಗಡ್ಡೆಯ ಜಾಲಿಮರಗಳ ತುಂಬಾ ಬೆಳ್ಳಕ್ಕಿ, ನೀರುಕಾಗೆಗಳ ಗೂಡು. ಮೊಟ್ಟೆಯ ಕಾಲದಲ್ಲಿ ಯಾರೂ ಕಾಲಿಡಬಾರದೆಂದು ಸರ್ಕಾರ ಬೋರ್ಡು ನೆಟ್ಟು, ಪಟೇಲ ಮುನಿಗಂಗಪ್ಪನಿಗೆ ಉಸ್ತುವಾರಿ ಕೊಟ್ಟಿತು.

ಐವತ್ತೇಳನೇ ಇಸವಿಯ ಆಷಾಢದಲ್ಲಿ ದೊಡ್ಡಮ್ಮನ ಒಬ್ಬನೇ ಮಗ, ಇನ್ನೂ ಹಾಲುಹಲ್ಲು ಬೀಳುತ್ತಿದ್ದ ಕೂಸು, ಜ್ವರ ಬಂದು ಸತ್ತ. ಅಪ್ಪನ ಪಕ್ಕ ಮಲಗಿಸಬೇಕೆಂದು ಅವಳು ಪಟೇಲನ ಕಾಲಿಗೆ ಬಿದ್ದಳು.

“ಹಕ್ಕಿ ಮೊಟ್ಟೆ ಇಕ್ಕವೆ. ಆಗಾಕಿಲ್ಲ, ಹೋಗಮ್ಮಿ,” ಎಂದ.

ಹಿಂದಿನ ವಾರವಷ್ಟೇ ಅವನ ಮನೆಯ ಬೀಗರೂಟಕ್ಕೆ ಅದೇ ಗಡ್ಡೆಯ ಹಕ್ಕಿ ಹೊಡೆದು ತಂದದ್ದು ಊರಿಗೆಲ್ಲಾ ಗೊತ್ತು. ಅವನ ಬಾಯಿಗೆ ಮಣ್ಣು ಹಾಕ! ಮಗುವನ್ನು ದಡದ ಗುಂಡುತೋಪಿನಲ್ಲಿ, ನಮ್ಮವರು ಯಾರೂ ಇಲ್ಲದ ಕಡೆ, ಹೂತರು. ದೊಡ್ಡಮ್ಮ ಅಳಲಿಲ್ಲ.

ಪಟೇಲನಿಗೆ ಕೀಲುನೋವು ಹಿಡಿದ ಮೇಲೆ ಕಾವಲಿಗೆ ಬೇರೆ ಜನ ಬೇಕಾಯಿತು. ದೊಡ್ಡಮ್ಮ ಎಲ್ಲರಿಗಿಂತ ಮುಂಚೆ ಹೋಗಿ ನಿಂತಳು. ದಿನಾ ಹರಿಗೋಲಿನಲ್ಲಿ ಗಡ್ಡೆ ಸುತ್ತುವಳು. ಆಷಾಢದಲ್ಲಿ ತಾನೂ ಕಾಲಿಡಳು. ಗೂಡಿಗೆ ಕಲ್ಲೆಸೆದವರನ್ನು ಯಲಹಂಕ ಸಂತೆಯವರೆಗೂ ಅಟ್ಟಿಕೊಂಡು ಹೋದವಳು ಅವಳು.

“ಹಕ್ಕಿ ಮೇಲೆ ಅಷ್ಟು ಜೀವಾನಾ ದೊಡ್ಡಮ್ಮಾ?” ಎಂದು ಕೇಳಿದೆ.

“ಆ ಮುದುಕ ಆಷಾಢದಾಗೇ ಸಾಯ್ಲಿ ಅಂತ ಪಟಾಲಮ್ಮಂಗೆ ಹರಕೆ ಕಟ್ಟಿವ್ನಿ ಕಣೇ,” ಎಂದಳು.

ಊರದೇವತೆ ಪಟಾಲಮ್ಮ ಕೇಳಿಸಿಕೊಂಡಳು. ಅರವತ್ನಾಲ್ಕರ ಆಷಾಢದಲ್ಲೇ ಪಟೇಲ ಸತ್ತ. ಮಗ ಆನಂದಪ್ಪ ಚಟ್ಟ ಹೊರಿಸಿಕೊಂಡು ದಡಕ್ಕೆ ಬಂದರೆ, ಹರಿಗೋಲಿನಲ್ಲಿ ಹುಟ್ಟು ಅಡ್ಡ ಹಿಡಿದು ದೊಡ್ಡಮ್ಮ ಕೂತಿದ್ದಳು.

“ಹಕ್ಕಿ ಮೊಟ್ಟೆ ಇಕ್ಕವೆ ಕಣಪ್ಪಾ.”

“ನಮ್ ತಾತ, ಮುತ್ತಾತ ಎಲ್ಲಾ ಅಲ್ಲೇ ಅವ್ರೆ. ನಿನ್ ಕಾಲಿಗೆ ಬೀಳ್ತೀನಿ ಕಣಮ್ಮಾ!”

“ನಾನೂ ಬಿದ್ದಿದ್ದೆ, ನಿಮ್ಮಪ್ಪನ ಕಾಲಿಗೆ. ತೋಪ್ನಾಗೆ ಜಾಗ ಐತೆ. ನನ್ ಮಗನ ಕಾಲ್ದೆಸೇಲಿ ಹೂಳು.”

ಹಾಗೇ ಆಯಿತು. ಅವತ್ತು ಅವಳು ಹೊಟ್ಟೆ ತುಂಬಾ ಮುದ್ದೆ ಉಂಡಳು.

ಅರವತ್ತೊಂಬತ್ತರ ಆಷಾಢದಲ್ಲಿ ಅವಳೂ ಹಾಸಿಗೆ ಹಿಡಿದಳು. ಗಡ್ಡೆಯ ಕಾವಲು ಆನಂದಪ್ಪನ ಕೈಗೆ ಹೋಯಿತು.

“ನನ್ನ ಗಡ್ಡೆಗೆ ಒಯ್ಯಬ್ಯಾಡ ಕಣೇ,” ಎಂದಳು.

“ದೊಡ್ಡಪ್ಪನ ಪಕ್ಕ ಬೇಡ್ವಾ?”

ಅವಳ ಕಣ್ಣು ತುಂಬಿತು. “ಬೇಕು. ಆದ್ರೆ ಆ ಆನಂದಪ್ಪ ‘ಹೋಗ್ಲಿ ಬಿಡಿ, ತಗೊಂಡೋಗ್ರಿ’ ಅಂತ ದೊಡ್ಡಸ್ತಿಕೆ ತೋರಿಸ್ತಾನೆ. ಆ ಪುಣ್ಯ ಅವ್ನಿಗೆ ಸಿಗಬಾರ್ದು.”

ಅವಳು ಹೇಳಿದ ಹಾಗೇ ಆನಂದಪ್ಪ ಹರಿಗೋಲು ತಂದು ದಡದಲ್ಲಿ ಕಾದು ನಿಂತಿದ್ದ. ನಾವು ಅವಳ ಚಟ್ಟ ಹೊತ್ತು ಅವನ ಮುಂದೆಯೇ ಹಾದು ತೋಪಿಗೆ ಹೋದೆವು.