ಅತ್ತೆಯ ಶುಂಠಿ ಡಬ್ಬ

ನಮ್ಮ ಅತ್ತೆಯ ಬಲಗೈ ಹೆಬ್ಬೆರಳಿನ ಉಗುರಿನ ಸಂದಿನಲ್ಲಿ ಯಾವಾಗಲೂ ಚೂರು ಮಣ್ಣು ಇದ್ದೇ ಇರುತ್ತಿತ್ತು. “ಅತ್ತಿಗೆ, ಆ ಕೈಯಲ್ಲಿ ಹಿಟ್ಟು ಕಲಸಬೇಡಿ” ಎಂದು ಅಮ್ಮ ಗೊಣಗಿದರೆ, “ಮಣ್ಣೇನು ವಿಷವೇ? ನೀನು ತಿನ್ನೋದೆಲ್ಲ ಅದರಿಂದಲೇ ಬಂದದ್ದು” ಎನ್ನುತ್ತ ಕಲಸುತ್ತಲೇ ಇರುತ್ತಿದ್ದಳು.

ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ಬೇರೊಬ್ಬಳೊಡನೆ ಸಂಸಾರ ಹೂಡಿದ ಮೇಲೆ ತಮ್ಮನ ಮನೆ ಸೇರಿದವಳು. ಅಪ್ಪ ಮದ್ರಾಸಿನ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಬೇಸಿಗೆ ಬಂತೆಂದರೆ ಬಿಳಿಯ ದೊರೆಗಳಿಗೆ ಸೆಕೆ ತಡೆಯದು. ಇಡೀ ಕಚೇರಿಯೇ ಕಡತ ಕಟ್ಟಿಕೊಂಡು ಊಟಿಗೆ ಹತ್ತುತ್ತಿತ್ತು. ಅದರ ಬಾಲ ಹಿಡಿದು ನಾವೂ. ಚಳಿ ಶುರುವಾಗುವ ಹೊತ್ತಿಗೆ ಮತ್ತೆ ಇಳಿಯುವುದು. ನೀನೆಲ್ಲಿರುತ್ತೀ ಎಂದು ಅತ್ತೆಯನ್ನು ಯಾರೂ ಕೇಳಿದವರಿಲ್ಲ. ಪಾತ್ರೆ ಪಡಗದ ಜೊತೆ ಅವಳೂ ಹತ್ತಿ ಇಳಿಯುತ್ತಿದ್ದಳು.

ಊಟಿ ತಲುಪಿದ ವಾರದಲ್ಲೇ ಅವಳ ಸವಾರಿ ಪೇಟೆಗೆ. ಅಂಗಡಿಯ ಶುಂಠಿ ರಾಶಿ ಕೆದಕಿ, ಉಗುರಿನಿಂದ ಗೀರಿ ನೋಡಿ, ಮೊಳಕೆಯ ಕಣ್ಣು ಉಬ್ಬಿದ ಗೆಡ್ಡೆ ಆರಿಸುವಳು. “ಏನಮ್ಮಾ, ಸಾರಿಗೆ ಹಾಕೋ ಶುಂಠಿಗೂ ಜಾತಕ ನೋಡ್ತೀರಾ?” ಎಂದು ಅಂಗಡಿಯವನು ರೇಗಿಸುತ್ತಿದ್ದ. ಮನೆಗೆ ತಂದು ತುಂಡು ಮಾಡಿ, ಕೊಯ್ದ ಕಡೆ ಬೂದಿ ಸವರಿ ಆರಲು ಬಿಟ್ಟು, ತಳ ತೂತು ಮಾಡಿದ ಸೀಮೆಎಣ್ಣೆ ಡಬ್ಬಕ್ಕೆ ಮಣ್ಣು ತುಂಬಿ, ಕಣ್ಣು ಮೇಲೆ ಬರುವಂತೆ ಹೂಳುವಳು. ಆ ಚಳಿಗೆ ಶುಂಠಿ ಎಲ್ಲಿ ಬರಬೇಕು? ಬಿಸಿಲು ಬಿದ್ದಾಗ ಡಬ್ಬ ಅಂಗಳಕ್ಕೆ, ಮಂಜು ಕವಿದಾಗ ಒಲೆಯ ಪಕ್ಕಕ್ಕೆ. ಗಿಡ ಮೊಣಕಾಲೆತ್ತರ ಆಗುವಷ್ಟರಲ್ಲಿ ನಾವು ಹೊರಡುವ ಕಾಲ. ಕಿತ್ತುಬಿಡಿ ಎಂದರೆ ಕೇಳುತ್ತಿರಲಿಲ್ಲ. “ಎಲೆ ಹಣ್ಣಾಗಿ ತಾನೇ ಒರಗಬೇಕು ಕಣೆ. ಈಗ ಕಿತ್ತರೆ ಬರೀ ನೀರು.” ಮರುವರ್ಷ ಬಂದು ನೋಡಿದರೆ ಡಬ್ಬದಲ್ಲಿ ಕೊಳೆತ ನಾರು. ಮತ್ತೆ ಪೇಟೆಗೆ ಹೋಗುತ್ತಿದ್ದಳು.

ಒಂದು ವರ್ಷ ಹೊರಡುವ ದಿನ ಜಟಕಾ ಬಾಗಿಲಿಗೆ ಬಂದು ನಿಂತಿದೆ, ಅತ್ತೆ ಅಡುಗೆಮನೆಯಿಂದ ಏಳಲೇ ಇಲ್ಲ.

“ಈ ಸಲ ನಾನು ಬರಲ್ಲ ಕಣೋ. ಒಂದು ಬೆಳೆ ಪೂರ್ತಿ ನೋಡ್ಬೇಕು ನಂಗೆ.”

“ಚೂರು ಶುಂಠಿಗೋಸ್ಕರ ಒಬ್ಬಳೇ ಇರ್ತೀಯಾ? ಜನ ಏನಂದಾರು ಅಕ್ಕ?” ಎಂದ ಅಪ್ಪ.

“ಗಂಡ ಬಿಟ್ಟಾಗಲೇ ಅನ್ನೋದೆಲ್ಲ ಅಂದಾಗಿದೆ. ಹೊಸದಾಗಿ ಇನ್ನೇನು ಉಳಿದಿದೆ?”

 ನಮ್ಮ ಬಾಡಿಗೆ ಮನೆಯ ಒಡತಿ ಹಿತ್ತಲಿನಾಚೆ ಇದ್ದ ಅಜ್ಜಿ, ಆ ಬೆಟ್ಟದ ಬಡಗರ ಪೈಕಿ. ಅವಳ ಮನೆಯವರಂತೆ ನಾವೂ ಅವಳನ್ನು ಹೆತ್ತೆ ಎನ್ನುತ್ತಿದ್ದೆವು. “ಇರಲಿ ಅಪ್ಪಾ, ನಾ ಇದ್ದನೆ” ಎಂದು ಅವಳು ಧೈರ್ಯ ಹೇಳಿದಳು. ಅತ್ತೆ ಉಳಿದಳು. ತನಗಾಗಿ ಅವಳು ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಬೇಸಿಗೆಗೆ ನಾವು ಮರಳಿದಾಗ ಕಾಲು ತೊಳೆಯಲೂ ಬಿಡದೆ ಎಲ್ಲರನ್ನೂ ಡಬ್ಬದ ಸುತ್ತ ಕೂರಿಸಿದಳು. ಒಣ ಮಣ್ಣು ಸರಿಸಿ ಗೆಡ್ಡೆ ಎತ್ತಿ, “ಅಯ್ಯಯ್ಯೋ, ನೋಡ್ರೇ ಇಲ್ಲಿ, ಎಷ್ಟು ಬಂದಿದೆ!” ಎಂದು ಕೂಗಿದಳು. ಕೋಟು ಬಿಚ್ಚದ ಅಪ್ಪನೂ ಕುಕ್ಕರಗಾಲಿನಲ್ಲಿ ಕೂತು ನಕ್ಕ. ಅಂದು ಊಟಕ್ಕೆ ಶುಂಠಿ ತಂಬುಳಿ. ಆದರೆ ಆ ವರ್ಷ ಅವಳು ಡಬ್ಬದಲ್ಲಿ ಏನೂ ಹೂಳಲಿಲ್ಲ. ಚಳಿಗೆ ಮುಂಚೆ ಎಲ್ಲರಿಗಿಂತ ಮೊದಲು ಜಟಕಾ ಹತ್ತಿ ಕೂತಳು. “ಯಾಕತ್ತೆ, ಈ ಸಲ ಇರಲ್ವಾ?” ಎಂದೆ. “ನೋಡಿದ್ದಾಯ್ತಲ್ಲ” ಎಂದಳು.

ಎಷ್ಟೋ ವರ್ಷಗಳ ಮೇಲೆ, ಮದ್ರಾಸಿನಲ್ಲಿ ಹಾಸಿಗೆ ಹಿಡಿದಾಗ, ಕಾಲು ಒತ್ತುತ್ತಿದ್ದ ನನಗೆ ತಾನಾಗಿ ಹೇಳಿದಳು.

“ಕಚೇರಿಯೆಲ್ಲ ಬೆಟ್ಟ ಇಳಿದ ಮೇಲೆ ಊಟಿ ಹೇಗಿರುತ್ತೆ ಅಂತ ನಿಂಗೊತ್ತಿಲ್ಲ ಕಣೆ. ಅಂಗಡಿಗೆಲ್ಲ ಹಲಗೆ ಹಾಕಿರ್ತಾರೆ. ಹೆತ್ತೆಯೂ ಮಗಳ ಬಾಣಂತನಕ್ಕೆ ಹೊರಟುಹೋದಳು. ಎಲೆಯೆಲ್ಲ ಒರಗಿದ ಮೇಲೆ ಒಂದಿನ ಅಗೆದೆ. ಎಂಥಾ ಗೆಡ್ಡೆ ಅಂತೀಯ! ‘ಬಾರೇ ಇಲ್ಲಿ’ ಅಂತ ನಿನ್ನ ಹೆಸರು ಹಿಡಿದು ಕೂಗಿಬಿಟ್ಟೆ. ಕೂಗಿದ ಮೇಲೆ ನೆನಪಾಯ್ತು, ಮನೇಲಿ ಯಾರೂ ಇಲ್ಲ ಅಂತ. ನೀವೆಲ್ಲ ಬರೋವರೆಗೆ ಇರಲಿ ಅಂತ ಮತ್ತೆ ಮುಚ್ಚಿಬಿಟ್ಟೆ.”

ಹೇಳಿ ಸುಮ್ಮನೆ ನಕ್ಕಳು. ನನಗೆ ನಗಲು ಆಗಲಿಲ್ಲ.

ಆ ಆಷಾಢದಲ್ಲಿ ಅತ್ತೆ ಹೋದಳು. ಸಂತೋಷವಾದಾಗ ಅವಳ ಬಾಯಿಗೆ ಮೊದಲು ಬಂದದ್ದು ನನ್ನ ಹೆಸರು. ಅವಳು ಹಾಗೆ ಕೂಗಿದ ಹೊತ್ತಿನಲ್ಲಿ ನಾನು ಮದ್ರಾಸಿನ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಿರಬೇಕು. ನನಗೇನೂ ಕೇಳಿಸಲಿಲ್ಲ.