ತುಟಿ ನಗು, ಹಲ್ಲು ನಗು, ಹೊಟ್ಟೆ ನಗು

ಚೇತು ಎಲ್ಲರೂ ನಕ್ಕ ಮೇಲೆ ನಗುತ್ತಾನೆ. ಈ ಒಂದು ಮಾತು ಶೈಲಜಾಳ ತಲೆಹೊಕ್ಕು ಕೂತಿತ್ತು, ಎಷ್ಟು ಕೊಡವಿದರೂ ಬೀಳುತ್ತಿರಲಿಲ್ಲ. ಮಗನಿಗೆ ಎರಡೂವರೆ ವರ್ಷ. ‘ಅಮ್ಮ’, ‘ಬಾ’, ‘ಮೋರ್’ ಬಿಟ್ಟರೆ ಬೇರೆ ಮಾತಿಲ್ಲ. ಬೆನ್ನ ಹಿಂದೆ ಸ್ಟೀಲ್ ತಟ್ಟೆ ಬೀಳಿಸಿದರೆ ಒಮ್ಮೆ ತಿರುಗುತ್ತಾನೆ, ಇನ್ನೊಮ್ಮೆ ಇಲ್ಲ. ತಿರುಗಿದ ದಿನ ಅವಳಿಗೆ ಊಟ ಸೇರುತ್ತಿತ್ತು. ತಿರುಗದ ದಿನ, ತಟ್ಟೆ ಕಾರ್ಪೆಟ್ಟಿನ ಮೇಲೆ ಬಿತ್ತಲ್ಲ, ಸದ್ದೇ ಆಗಲಿಲ್ಲವೇನೋ ಎಂದು ಅವಳೇ ಮಗನ ಪರ ವಕಾಲತ್ತು ವಹಿಸುತ್ತಿದ್ದಳು.

ಹುಟ್ಟಿದಾಗ ಆಸ್ಪತ್ರೆಯಲ್ಲಿ ಮಾಡಿದ ಕಿವಿ ಪರೀಕ್ಷೆ ಪಾಸಾಗಿತ್ತು. ಡೇಕೇರಿಗೆ ಸೇರಿಸಿದ ಮೇಲೆ ಶುರುವಾದದ್ದು ನೆಗಡಿ, ಕಿವಿನೋವು, ಮತ್ತೆ ನೆಗಡಿ. ಎರಡು ಭಾಷೆಯ ಮನೆ, ಮಾತು ತಡವಾಗಬಹುದು, ಆದರೂ ಒಮ್ಮೆ ಕಿವಿ ತೋರಿಸಿಬಿಡಿ ಎಂದು ಮಕ್ಕಳ ಡಾಕ್ಟರು ಒಂದು ಕ್ಲಿನಿಕ್ಕಿನ ನಂಬರು ಕೊಟ್ಟಿದ್ದರು. ಅದು ಅಕ್ಟೋಬರಿನಿಂದ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿತ್ತು.

“ನಾನೂ ಮೂರು ವರ್ಷಕ್ಕೆ ಮಾತಾಡಿದ್ದಂತೆ, ಅಮ್ಮ ಹೇಳ್ತಾರೆ. ಈಗ ಆಫೀಸಲ್ಲಿ ನನ್ನ ಬಾಯಿ ಮುಚ್ಚಿಸೋಕೆ ಯಾರಿಗೂ ಆಗಲ್ಲ. ಸುಮ್ನೆ ಟೆನ್ಶನ್ ಮಾಡ್ಕೋಬೇಡ,” ಎಂದು ಗಂಡ ಶಶಾಂಕ್ ವಾಷಿಂಗ್ಟನ್ನಿನ ಬಸ್ಸಿಗೆ ಓಡುತ್ತಿದ್ದ. ಅವನು ಹೋದ ಮೇಲೆ ಅವಳು ಫೋನ್ ಕೈಗೆತ್ತಿಕೊಳ್ಳುವಳು, ಇಡುವಳು. ಫೋನ್ ಮಾಡದಿರುವಷ್ಟು ದಿನ ಅದು ಬರೀ ಅನುಮಾನ. ಮಾಡಿದರೆ ಅದಕ್ಕೊಂದು ಹೆಸರು ಬಂದುಬಿಡುತ್ತದೆ.

ಇಂಥ ಮನಸ್ಸು ಹೊತ್ತುಕೊಂಡೇ ಅವಳು ಆ ಚಳಿಗಾಲವೆಲ್ಲ ವಸಂತಾ ಆಂಟಿಯ ಬೇಸ್‌ಮೆಂಟಿಗೆ ನಗಲು ಹೋಗುತ್ತಿದ್ದಳು.

ವಾಷಿಂಗ್ಟನ್ನಿನ ಹತ್ತಿರದ ಊರು ಕೊಲಂಬಿಯಾದ ಹತ್ತಾರು ಕನ್ನಡ ಮನೆಗಳವರು ಪ್ರತಿವರ್ಷ ಚಳಿ ಬಿದ್ದಾಗ ಒಂದು ಕೆಲಸ ಹಚ್ಚಿಕೊಳ್ಳುತ್ತಿದ್ದರು. ಕನ್ನಡದ ಸಾರ್ವಕಾಲಿಕ ಶ್ರೇಷ್ಠ ಹಾಸ್ಯಚಿತ್ರಗಳು ಹತ್ತು ಯಾವುವು ಎಂದು ಆರಿಸುವುದು, ಯುಗಾದಿಯಾದ ಮೇಲೆ ಅವನ್ನು ಒಂದೊಂದಾಗಿ ಪೂರ್ತಿ ನೋಡುವುದು. ಮೊದಮೊದಲು ಕೈಯೆತ್ತಿ ಆರಿಸುತ್ತಿದ್ದರು. ಎಲ್ಲರೂ ತಮ್ಮ ತಮ್ಮ ಸಿನಿಮಾಕ್ಕೇ ಕೈಯೆತ್ತಿ, ಒಂದು ವರ್ಷ ಎರಡು ಮನೆಯವರು ಮಾತು ಬಿಟ್ಟರು. ಆಗ ವಸಂತಾ ಆಂಟಿಯ ಗಂಡ ವೇಣುಗೋಪಾಲ ಅಂಕಲ್ ಒಂದು ಕಾನೂನು ತಂದರು: ಬಾಯಲ್ಲಿ ಹೊಗಳುವ ಹಾಗಿಲ್ಲ. ತಂದವರು ತಮ್ಮ ಸಿನಿಮಾದ ಹತ್ತು ನಿಮಿಷ ತೋರಿಸಬೇಕು. ಒಬ್ಬರು ಪರದೆಗೆ ಬೆನ್ನು ಹಾಕಿ, ಜನರಿಗೆ ಮುಖಮಾಡಿ ಕೂರಬೇಕು. ಜನ ಹೇಗೆ ನಕ್ಕರು ಎಂದು ಅವರು ಹೇಳಿದ್ದೇ ತೀರ್ಪು. ತುಟಿ ನಗು, ಹಲ್ಲು ನಗು, ಹೊಟ್ಟೆ ನಗು ಎಂದು ಮೂರು ದರ್ಜೆ. ಹೊಟ್ಟೆ ನಗು ಬಂದದ್ದಕ್ಕೆ ಮಾತ್ರ ಹತ್ತರಲ್ಲಿ ಜಾಗ.

ಹಾಗೆ ಬೆನ್ನು ಹಾಕಿ ಕೂರಲು ಒಪ್ಪಿದವರು ವಸಂತಾ ಆಂಟಿಯೊಬ್ಬರೇ. ಅವರಿಗೆ ಅದರಲ್ಲಿ ನಷ್ಟವೇನೂ ಇರಲಿಲ್ಲ. ಮೈಸೂರಿನ ಅಗ್ರಹಾರದಿಂದ ಮದುವೆಯಾಗಿ ಬಂದ ಹೊಸತರಲ್ಲಿ, ಊರಿಂದ ಯಾರೋ ತಂದ ವಿಡಿಯೊ ಕ್ಯಾಸೆಟ್ಟು ಹಾಕಿಕೊಂಡು ಗಂಡಸರು ಹಾಲಿನಲ್ಲಿ ಬಿದ್ದು ಬಿದ್ದು ನಗುವಾಗ, ಅವರು ಅಡುಗೆಮನೆಯಲ್ಲಿ ಬೋಂಡ ಕರಿಯುತ್ತಿದ್ದರು. ಕನ್ನಡದ ಹಾಸ್ಯವನ್ನೆಲ್ಲ ಎಣ್ಣೆಯ ಚುರ್ರ್ ಸದ್ದಿನ ನಡುವೆ ಕೇಳಿಸಿಕೊಂಡೇ ಬಾಯಿಪಾಠ ಮಾಡಿದವರು. “ಆ ಸಿನಿಮಾ ನೋಡಿದ್ದೀರಾ ಆಂಟಿ?” ಎಂದರೆ, “ನೋಡಿಲ್ಲ ಕಣೇ, ಕೇಳಿದೀನಿ,” ಎನ್ನುತ್ತಿದ್ದರು. ಯಾವ ಸಂಭಾಷಣೆಯನ್ನಾದರೂ ಒಪ್ಪಿಸುತ್ತಿದ್ದರು. ಆಡಿದವನ ಮುಖ ಮಾತ್ರ ಗೊತ್ತಿರುತ್ತಿರಲಿಲ್ಲ.

ಮಕ್ಕಳು ಸ್ಕೂಲಿಗೆ ಹೋಗತೊಡಗಿದ ಮೇಲೆ ಆಂಟಿ ಒಂದು ಬ್ಯಾಂಕಿನ ಡ್ರೈವ್-ಥ್ರೂ ಕಿಟಕಿಯಲ್ಲಿ ಕೆಲಸಕ್ಕೆ ಸೇರಿದರು. ಗಾಜಿನ ಆಚೆ ಕಾರು, ಈಚೆ ಆಂಟಿ, ನಡುವೆ ಗೊರಗುಟ್ಟುವ ಮೈಕು. ಎರಡು ವರ್ಷದ ಕೆಳಗೆ, ಇನ್ನೂ ಸರ್ವಿಸ್ ಇದ್ದಾಗಲೇ, “ಸಾಕಾಯ್ತಪ್ಪ” ಎಂದು ಬಿಟ್ಟುಬಂದರು. ಮೊಮ್ಮಕ್ಕಳಿಲ್ಲ, ಮೈಯಲ್ಲಿ ಕಾಯಿಲೆಯಿಲ್ಲ, ಯಾಕೆ ಬಿಟ್ಟರೋ ಎಂದು ಹೆಂಗಸರು ಮಾತಾಡಿಕೊಂಡರು. ಬಹುಶಃ ಮನೆಯಲ್ಲಿ ಆ ವೇಣು ಅಂಕಲ್ಲಿನ ಕಾಟವಿರಬೇಕು. ಅವರಿಗೆ ಮಾತಾಡಲು ಬರುತ್ತಿರಲಿಲ್ಲ, ಕೂಗಲು ಮಾತ್ರ ಬರುತ್ತಿತ್ತು. “ವಸಂತಾ, ಉಪ್ಪು!” ಎಂದರೆ ಪಕ್ಕದ ಮನೆಯ ನಾಯಿ ಬೊಗಳುತ್ತಿತ್ತು. ಇಂಥ ಗಂಡನ ಜೊತೆ ಹೇಗೆ ಬಾಳುತ್ತಾರೋ ಎಂದು ಶೈಲಜಾ ಎಷ್ಟೋ ಸಲ ಮರುಗಿದ್ದಳು.

ಫೆಬ್ರವರಿಯ ಆ ಶನಿವಾರ ದಾನಪ್ಪ ಅಂಕಲ್ಲಿನ ಸರದಿ. ಧಾರವಾಡದ ಕಡೆಯ ಎಂಜಿನಿಯರ್, ರಿಟೈರಾಗಿದ್ದರು. ಹೋದ ವರ್ಷ ಅವರ ಸಿನಿಮಾ ಹತ್ತರಲ್ಲಿ ಬಂದಿರಲಿಲ್ಲ. ಆ ಉರಿ ಇನ್ನೂ ಆರಿರಲಿಲ್ಲ.

“ಏನ್ರಿ ವಸಂತಾಬಾಯಾರ, ಈ ಸಲನರ ನ್ಯಾಯಾ ಸರಿ ಇರ್ಲಿ. ಹ್ವಾದ ವರ್ಷ ಮಂದಿ ಉಳ್ಳಾಡಿ ನಕ್ಕಾರ, ನೀವು ಹಲ್ಲು ನಗು ಅಂದ್ರಿ.”

“ನಿಮ್ಮ ಜನ ಬಾಯಿ ತೆಗೆದ್ರೆ ಹಲ್ಲೇ ಕಾಣೋದು ದಾನಪ್ಪನವರೇ, ನಾನೇನು ಮಾಡ್ಲಿ?”

“ನೋಡ್ರಿ, ನೋಡ್ರಿ! ಇದು ಮೈಸೂರವರ ಕಾರಭಾರ,” ಎಂದು ದಾನಪ್ಪ ನಗುತ್ತಲೇ ಮೆಟ್ಟಿಲ ದೀಪವನ್ನೂ ಆರಿಸಿಬಿಟ್ಟರು. “ಥೇಟರ್ ಇದ್ದಂಗ ಇರ್ಲಿ.”

ಅವರು ತಂದ ತುಣುಕಿನಲ್ಲಿ ಒಂದು ಛತ್ರ, ಮದುವೆಯ ಹಿಂದಿನ ರಾತ್ರಿ, ಕರೆಂಟು ಹೋಗುತ್ತದೆ. ಪರದೆಯೆಲ್ಲ ಕಪ್ಪು. ಬೀಗರು, ಅಡುಗೆಯವನು, ವಾಲಗದವನು, ಒಬ್ಬ ಕಳ್ಳ, ಎಲ್ಲರೂ ಕತ್ತಲಲ್ಲಿ ಒಬ್ಬರನ್ನೊಬ್ಬರು ಬೇರೆ ಯಾರೋ ಎಂದುಕೊಂಡು ಮಾತಾಡುತ್ತಾರೆ. ಕಳ್ಳನ ಹತ್ತಿರ ಬೀಗರು ವರದಕ್ಷಿಣೆ ಚೌಕಾಸಿ ಮಾಡುತ್ತಾರೆ. ಬೇಸ್‌ಮೆಂಟು ಹಾರಿಹೋಗುವಂತೆ ಜನ ನಕ್ಕರು. ಶೈಲಜಾಗೂ ತಡೆಯಲಾಗಲಿಲ್ಲ. ನಗುನಗುತ್ತಲೇ ಅವಳಿಗೆ ತೊಡೆಯ ಮೇಲಿದ್ದ ಮಗನ ಮೈ ಅಲುಗುತ್ತಿಲ್ಲವೆಂದು ಗೊತ್ತಾಯಿತು. ಅವನ ಹೊಟ್ಟೆಯ ಮೇಲೆ ಅವಳ ಕೈ ಇತ್ತು. ಹೊಟ್ಟೆ ತಣ್ಣಗೆ ಕೂತಿತ್ತು.

ಪರದೆಯಲ್ಲಿ ಕರೆಂಟು ಬಂತು, ಬೆಳಕು ಎಲ್ಲರ ಮುಖದ ಮೇಲೆ ಬಿತ್ತು. ಚೇತು ಆ ಮುಖ ಈ ಮುಖ ನೋಡಿದ, ಆಮೇಲೆ ಬಾಯಿ ತೆರೆದು ಜೋರಾಗಿ ನಕ್ಕ. ಅವಳಿಗೆ ಅವನನ್ನು ನೋಡಲಾಗಲಿಲ್ಲ, ಕಣ್ಣು ಎದುರಿಗೆ ಹೊರಳಿಸಿದಳು. ಪರದೆಯ ಪಕ್ಕದ ಕುರ್ಚಿಯಲ್ಲಿ ವಸಂತಾ ಆಂಟಿ ಆ ಮುಖ ಈ ಮುಖ ನೋಡುತ್ತಿದ್ದರು. ಆಮೇಲೆ ಅವರೂ ನಕ್ಕರು.

ತುಣುಕು ಮುಗಿಯಿತು. ಆಂಟಿ ಗಂಟಲು ಸರಿಮಾಡಿಕೊಂಡು, “ಹಲ್ಲು ನಗು,” ಎಂದರು.

ಕಣ್ಣೊರೆಸಿಕೊಳ್ಳುತ್ತಿದ್ದವರು ಒರೆಸಿಕೊಳ್ಳುತ್ತಲೇ ಉಳಿದರು.

“ಏನ್ ಹಲ್ಲು ನಗು? ಈ ವೇಣು ನಕ್ಕು ನಕ್ಕು ಕುರ್ಚಿಯಿಂದ ಜಾರ್ಯಾನ!” ದಾನಪ್ಪ ಈಗ ನಗುತ್ತಿರಲಿಲ್ಲ. “ಬ್ಯಾಡ್ರಿ. ನಮ್ಮ ಕಡೆ ಪಿಚ್ಚರ್ ಅಂದ್ರ ನಿಮಗ ತಾತ್ಸಾರ. ಅದನ್ನ ಬಾಯಿಬಿಟ್ಟು ಹೇಳಿಬಿಡ್ರಿ, ನಾನು ಬರೂದ ಬಿಡ್ತೀನಿ.”

ಆಂಟಿ ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಮೇಲೆ ಹೋದರು.

ಶೈಲಜಾ ಮಗನನ್ನು ಗಂಡನ ಕೈಗೆ ಕೊಟ್ಟು ಹಿಂದೆಯೇ ಹತ್ತಿದಳು. ಆಂಟಿ ಸಿಂಕಿನ ಮುಂದೆ ನಿಂತಿದ್ದರು. ನಲ್ಲಿ ಬಿಟ್ಟಿರಲಿಲ್ಲ. “ಆಂಟಿ,” ಎಂದಳು. ಉತ್ತರವಿಲ್ಲ. ಸ್ವಲ್ಪ ಗಟ್ಟಿಯಾಗಿ, “ವಸಂತಾ ಆಂಟಿ!” ಎಂದಳು. ಅವರು ಕಿಟಕಿಯಾಚೆಯ ಹಿಮ ನೋಡುತ್ತ ನಿಂತೇ ಇದ್ದರು. ಮನೆಯಲ್ಲಿ ದಿನಾ ತಟ್ಟೆ ಬೀಳಿಸಿ ನೋಡುವವಳಿಗೆ ಆ ಬೆನ್ನು ಚೆನ್ನಾಗಿ ಗುರುತಿತ್ತು. ಹತ್ತಿರ ಹೋಗಿ ಭುಜ ಮುಟ್ಟಿದಳು.

ಆಂಟಿ ಬೆಚ್ಚಿ ತಿರುಗಿ ಅವಳ ಮುಖ ನೋಡಿದರು. “ಗೊತ್ತಾಯ್ತಾ?”

“ಯಾವಾಗಿಂದ ಆಂಟಿ?”

“ಬ್ಯಾಂಕಲ್ಲಿದ್ದಾಗಿಂದ. ಮೈಕಲ್ಲಿ ಏನಂತಿದಾರೋ ತಿಳೀದೆ ಯಾರದೋ ಹಣ ಯಾರದೋ ಅಕೌಂಟಿಗೆ ಹಾಕೋ ಹಾಗಾಯ್ತು. ಮರ್ಯಾದೆಯಾಗಿ ಬಿಟ್ಟುಬಂದೆ. ಎದುರಿಗಿದ್ರೆ ತುಟಿ ನೋಡಿ ಹೇಗೋ ನಡೆಯುತ್ತೆ. ಕೆಳಗೆ ಆ ಕುರ್ಚಿ ಸಿಕ್ಕಿದ್ದು ಪುಣ್ಯ ಅಂದ್ಕೊಂಡಿದ್ದೆ, ಎಲ್ಲರ ಮುಖ ಕಾಣುತ್ತಲ್ಲ. ಆ ಮಹಾರಾಯ ದೀಪ ಆರಿಸಿಬಿಟ್ಟ.”

“ಮೆಷಿನ್ ಹಾಕಿಸ್ಕೋಬಹುದಲ್ವಾ?”

“ಎಲ್ಲ ಸಿನಿಮಾನೂ ಕೇಳಿದೀನಿ ಅಂತ ಮೆರೆದೋಳು ನಾನು. ಕಿವಿಗೆ ಮೆಷಿನ್ ಇಟ್ಕೊಂಡು ಹೇಗೆ ಕೂರ್ಲಿ ಹೇಳು?” ಎಂದವರು ಅವಳ ಕೈ ಹಿಡಿದುಕೊಂಡರು. “ಶೈಲೂ, ನಿನ್ನ ಮಗ ನನ್ನ ಹಾಗೇ ನಗ್ತಾನೆ ಕಣೆ. ಚಳಿ ಶುರುವಾದಾಗಿಂದ ನೋಡ್ತಿದೀನಿ. ಎದುರು ಕೂತೋಳಿಗೆ ಕಾಣುತ್ತೆ.”

ಶೈಲಜಾಗೆ ಮೊದಲು ಬಂದದ್ದು ಸಿಟ್ಟು. “ಇಷ್ಟು ದಿನ ನೋಡ್ಕೊಂಡು ಸುಮ್ನಿದ್ರಾ?”

“ಅವನದ್ದು ಹೇಳಿದ್ರೆ, ನಿಮಗೆ ಹೇಗೆ ಗೊತ್ತಾಯ್ತು ಅಂತ ನೀನು ಕೇಳ್ತಿದ್ದೆ. ಆಗ ನನ್ನದೂ ಹೇಳ್ಬೇಕಾಗ್ತಿತ್ತು.” ಆಂಟಿ ಅವಳ ತುಟಿಯಿಂದ ಕಣ್ಣು ತೆಗೆದಿರಲಿಲ್ಲ. “ತಪ್ಪಾಯ್ತಮ್ಮ. ನನಗಾದ್ರೆ ಕೇಳೋದೆಲ್ಲ ಕೇಳಿ ಮುಗಿದಿದೆ. ಅವನಿನ್ನೂ ಶುರು ಮಾಡ್ಬೇಕು.”

ಸಿಟ್ಟು ಇಳಿಯುತ್ತಿದ್ದಂತೆ ಶೈಲಜಾಳ ಕಣ್ಣಿಗೆ ಕಟ್ಟಿದ್ದು ತನ್ನ ಮನೆಯ ಫ್ರಿಜ್ಜಿನ ಬಾಗಿಲು. “ನನ್ನ ಹತ್ರ ನಂಬರ್ ಇದೆ ಆಂಟಿ,” ಎಂದಳು. “ಅಕ್ಟೋಬರಿಂದ ಇದೆ. ನಾನೂ ಮಾಡಿಲ್ಲ.”

ಆಮೇಲೆ ಆಂಟಿ ಸೆರಗಿನಲ್ಲಿ ಕೈಯೊರೆಸಿಕೊಂಡು ಕೆಳಗಿಳಿದರು. ಮೆಟ್ಟಿಲ ದೀಪ ಹಾಕಿ, ಎಲ್ಲರ ಮುಂದೆ ನಿಂತರು.

“ದಾನಪ್ಪನವರೇ, ತಾತ್ಸಾರವೂ ಇಲ್ಲ, ಏನೂ ಇಲ್ಲ. ನನಗೆ ಕಿವಿ ಕೇಳ್ಸಲ್ಲ. ಕತ್ತಲಲ್ಲಿ ನಕ್ಕಿದ್ದು ನನಗೆ ಗೊತ್ತಾಗ್ಲಿಲ್ಲ.”

ದಾನಪ್ಪ ಕುರ್ಚಿಯಿಂದ ಎದ್ದರು. “ಹಂಗಾರ... ಹ್ವಾದ ವರ್ಷದ್ದೂ ವಾಪಸ್ ಕೊಡ್ರಿ!”

“ಅದಕ್ಕೇ ಕಣಯ್ಯಾ ನಾನು ಕೂಗೋದು!” ಎಂದು ವೇಣು ಅಂಕಲ್ ಕೂಗಿದರು. “ಎರಡು ವರ್ಷದಿಂದ ಎಲ್ಲರೂ ನನ್ನನ್ನ ರಾಕ್ಷಸ ಅಂದ್ಕೊಂಡಿದೀರಿ!”

ಹೊಟ್ಟೆ ಹಿಡಿದುಕೊಂಡು ನಕ್ಕರು ಜನ. ದೀಪ ಉರಿಯುತ್ತಿತ್ತು. ಆಂಟಿ ಒಂದೊಂದೇ ಮುಖ ನೋಡಿ, “ಇದು ಹೊಟ್ಟೆ ನಗು,” ಎಂದರು. ದಾನಪ್ಪನವರ ಸಿನಿಮಾಕ್ಕೆ ಹತ್ತರಲ್ಲಿ ಜಾಗ ಸಿಕ್ಕಿತು. ಹೋದ ವರ್ಷದ್ದು ಮಾತ್ರ ಸಿಗಲಿಲ್ಲ. ಅದು ಹಲ್ಲು ನಗುವೇ ಎಂದು ಆಂಟಿ ಪಟ್ಟು ಹಿಡಿದರು.

ಹೊರಡುವಾಗ ಶೈಲಜಾ ಚೇತುವಿಗೆ ಕೋಟು ತೊಡಿಸುತ್ತಿದ್ದಳು. ಆಂಟಿ ಹತ್ತಿರ ಬಂದರು. “ಸೋಮವಾರ ಮಾಡ್ತೀಯಲ್ಲ? ನನ್ನದೂ ನೀನೇ ಕೇಳ್ಬಿಡು. ನನಗೆ ಫೋನಲ್ಲಿ ಕೇಳ್ಸಲ್ಲ.”

ಸೋಮವಾರ ಶಶಾಂಕ್ ಬಸ್ಸಿಗೆ ಓಡಿದ ಮೇಲೆ ಅವಳು ಫ್ರಿಜ್ಜಿನ ಮುಂದೆ ನಿಂತಳು. ಚೇತು ಬೆನ್ನು ಹಾಕಿ ಕೂತು ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಫೋನ್ ರಿಂಗಾಯಿತು, ಕಾಯಿರಿ ಎಂದು ಸಂಗೀತ ಹಾಕಿದರು. ಇಟ್ಟುಬಿಡಬಹುದು ಎಂದು ಅವಳಿಗೆ ಆಗಲೂ ಅನ್ನಿಸಿತು. ಅಷ್ಟರಲ್ಲಿ ಒಬ್ಬ ಹೆಂಗಸಿನ ದನಿ, ಏನಾಗಬೇಕಿತ್ತು ಎಂದು ಕೇಳಿತು.

ಅವಳು ಶನಿವಾರದಿಂದ ಇಂಗ್ಲಿಷಿನಲ್ಲಿ ಉರುಹೊಡೆದಿದ್ದ ಪೀಠಿಕೆಯೆಲ್ಲ ಮರೆತುಹೋಯಿತು. “ನನ್ನ ಮಗನಿಗೆ ಕೇಳಿಸುತ್ತಿಲ್ಲ ಅನ್ನಿಸುತ್ತದೆ,” ಎಂದಳು. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಚೇತು ತಿರುಗಲಿಲ್ಲ. “ಮತ್ತೆ, ನೀವು ದೊಡ್ಡವರನ್ನೂ ನೋಡುತ್ತೀರಾ?”

ನೋಡುತ್ತೇವೆ, ಗುರುವಾರ ಒಟ್ಟಿಗೇ ಎರಡು ಹೊತ್ತು ಖಾಲಿ ಇದೆ, ಹೆಸರು ಹೇಳಿ ಎಂದಳು ಆ ಹೆಂಗಸು. ಶೈಲಜಾ ಮೊದಲು ಮಗನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ, ಬಿಡಿಸಿ ಬಿಡಿಸಿ ಹೇಳಿದಳು.