ಕೇರಿ ಕಡೆಯ ಗೇಟು

ಮೊನ್ನೆ ಮನೆಯ ನಕ್ಷೆಗೆ ಒಂದು ಪ್ರತಿ ಬೇಕಾಗಿ ಮೈಸೂರಿನ ಹಳೆಯ ಜೆರಾಕ್ಸ್ ಅಂಗಡಿಯೊಂದಕ್ಕೆ ಹೋಗಿದ್ದೆ. ಅಲ್ಲಿ ಅಮೋನಿಯಾ ಪ್ರಿಂಟ್ ತೆಗೆಯುವ ಯಂತ್ರ ಇನ್ನೂ ಉಳಿದುಕೊಂಡಿತ್ತು. ಯಾರದೋ ನಕ್ಷೆ ಹೊರಬರುತ್ತಿತ್ತು. ಆ ಘಾಟು ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಅದು ಎಲ್ಲರಿಗೂ ಬರುತ್ತದೆ. ಆದರೆ ಕಣ್ಣೊರೆಸಿಕೊಂಡು ರಸ್ತೆಗೆ ಬಂದ ಮೇಲೂ ನನಗೆ ಟೀಚರಮ್ಮನೇ ನೆನಪಾಗುತ್ತಿದ್ದರು…

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಂಜನಗೂಡಿಗೂ ನರಸೀಪುರಕ್ಕೂ ನಡುವಿನ ಒಂದು ಸಣ್ಣ ಪೇಟೆಯ ಪಂಚಾಯಿತಿಯಲ್ಲಿ ನಾನು ಜೂನಿಯರ್ ಎಂಜಿನಿಯರ್ ಆಗಿದ್ದೆ. ಊರಿನ ಹೆಸರು ಬೇಡ. ಅಲ್ಲಿ ಪಾರ್ಕಿಗೆಂದು ಬಿಟ್ಟ ಒಂದು ಜಾಗವಿತ್ತು. ಮೂರು ಹೊಂಗೆ ಮರ, ಉಳಿದಂತೆ ಎದೆಯೆತ್ತರದ ಪಾರ್ಥೇನಿಯಂ. ಅಲ್ಲಿ ಪಾರ್ಕು ಮಾಡುತ್ತಾರೆಂಬ ಸುದ್ದಿ ಹಬ್ಬಿದ ವಾರದಲ್ಲೇ ಟೀಚರಮ್ಮ ನನ್ನ ಮೇಜಿನ ಮುಂದೆ ಬಂದು ನಿಂತರು. ಅದೇ ಊರಿನ ಶಾಲೆಯಲ್ಲಿ ವರ್ಷಗಟ್ಟಲೆ ಪಾಠ ಹೇಳಿ ನಿವೃತ್ತರಾಗಿದ್ದರು. ಸೋಸಲೆಯಲ್ಲಿ ತಂಗಿಯ ಜೊತೆ ವಾಸ, ಬಸ್ಸಿನಲ್ಲಿ ಓಡಾಟ.

“ಪಾರ್ಕ್ ಮಾಡ್ತೀರಂತೆ. ಜಾಗ ನೋಡಿದ್ದೀರೇನಪ್ಪ?”

“ಅಳತೆ ಮಾಡಿದ್ದೀನಿ ಟೀಚರ್.”

“ಅಳತೆ ಮಾಡೋದು ಬೇರೆ, ಕೂತ್ಕೊಂಡು ನೋಡೋದು ಬೇರೆ. ನಾಳೆ ಬೆಳಿಗ್ಗೆ ಏಳು ಗಂಟೆಗೆ ಅಲ್ಲಿಗೆ ಬಾ.”

‘ನೀವು’ ಎಂದು ಶುರುವಾದ ಮಾತು ‘ನೀನು’ಗೆ ಬಂದು ಮುಗಿದಿತ್ತು. ಹೋದೆ. ಮೋರಿಯ ಕಟ್ಟೆಯ ಮೇಲೆ ಕೂತು, ಕಾಪಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಯಾರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಾರೆಂದು ಗೀಟು ಹಾಕುತ್ತಿದ್ದರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಹದಿನೈದು ದಿನ ಹಾಗೇ ಮಾಡಿದರು, ನಾನೂ ಪಕ್ಕದಲ್ಲಿ ಕೂತೆ. ಎಂಜಿನಿಯರಿಂಗ್ ಓದಿದ್ದ ನನಗೆ ಯಾರೂ ಹೇಳಿಕೊಡದ ಸಂಗತಿಗಳು ಆಗ ಕಂಡವು. ಬ್ರಾಂಡಿ ಅಂಗಡಿಗೆ ಎದುರಾದ ಮೂಲೆಯಲ್ಲಿ ಹೆಂಗಸರು ಕೂರುವುದಿಲ್ಲ. ಬೆಂಚು ಅಲ್ಲಿ ಬೇಡ. ಗೋಡೆ ಎತ್ತರವಾದರೆ ಒಳಗಿರುವವರು ಹೊರಗೆ ಕಾಣುವುದಿಲ್ಲ. ಸೊಂಟದ ಮಟ್ಟಕ್ಕೆ ಸಾಕು. ಎಲ್ಲಕ್ಕಿಂತ ಹೆಚ್ಚಾಗಿ, ಹಿಂದಿನ ಕೇರಿಯಿಂದ ಶಾಲೆಗೆ ಆ ಜಾಗದ ನಡುವೆಯೇ ಒಂದು ಕಾಲುದಾರಿ ಸವೆದಿತ್ತು.

“ದಾರಿ ಅವರೇ ಮಾಡ್ಕೊಂಡವ್ರೆ. ನಾವು ಎರಡು ಕಡೆ ಗೇಟು ಇಟ್ಟು, ಕಲ್ಲು ಹಾಸಿದ್ರೆ ಮುಗೀತು. ಆ ಕಡೆ ತಗ್ಗಲ್ವಾ, ಒಂದ್ ಮೂರು ಮೆಟ್ಲು ಬೇಕಾಗುತ್ತೆ,” ಎಂದರು.

ಹಾಗೇ ನಕ್ಷೆ ಬರೆದೆ. ಅಲ್ಲಿಯವರೆಗೆ ನಾನು ಬರೆದ ಯಾವ ನಕ್ಷೆಯೂ ನನಗೆ ಅಷ್ಟು ಇಷ್ಟವಾಗಿರಲಿಲ್ಲ. ಮೈಸೂರಿನಿಂದ ಪ್ರಿಂಟ್ ತಂದುಕೊಟ್ಟಾಗ ಟೀಚರಮ್ಮ ಅದನ್ನು ಮೂಸಿ ನೋಡಿ, ಕಣ್ಣಲ್ಲಿ ನೀರು ತುಂಬಿಕೊಂಡು ಚಿಕ್ಕ ಹುಡುಗಿಯಂತೆ ನಕ್ಕಿದ್ದರು.

ಮೀಟಿಂಗಿನ ದಿನ ಅವರೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ನಕ್ಷೆ ಮೇಜಿನ ಮೇಲೆ ಹರಡುತ್ತಲೇ ಒಬ್ಬ ಸದಸ್ಯರು ಎರಡನೆಯ ಗೇಟಿನ ಮೇಲೆ ಬೆರಳಿಟ್ಟರು. “ಇದ್ಯಾಕ್ರೀ ಈ ಕಡೆ? ಕೇರಿಯೋರೆಲ್ಲ ನುಗ್ಗಾಕಾ? ಮನೆ ಹೆಂಗಸ್ರು ಮಕ್ಳು ಬಂದು ಕೂರೋ ಜಾಗ ಕಣ್ರೀ ಇದು.”

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. “ಆ ಕಡೆ ಗೇಟು ಇಡಕ್ಕೆ ಟೆಕ್ನಿಕಲ್ ಆಗಿ ಏನಾದ್ರೂ ತೊಂದ್ರೆ ಐತೇನ್ರೀ?”

ಯಾವ ಉತ್ತರ ಬೇಕೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನಗೆ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ… ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡ ಸಬೂಬು ಅದು. ಆವತ್ತು ಯಾರೂ ನನ್ನನ್ನು ಹೆದರಿಸಿರಲಿಲ್ಲ.

“ಲೆವೆಲ್ ಪ್ರಾಬ್ಲಂ ಇದೆ ಸಾರ್. ಕಷ್ಟ ಆಗುತ್ತೆ,” ಎಂದೆ.

ಹಿಂದಿನ ಸಾಲಿನಿಂದ ಟೀಚರಮ್ಮನ ದನಿ ಕೇಳಿಸಿತು. ಜೋರೇನಿರಲಿಲ್ಲ. ಲೆಕ್ಕ ತಪ್ಪಿದ ಮಗುವಿಗೆ ಹೇಳುವಂತೆ ಹೇಳಿದರು: “ಮೂರು ಮೆಟ್ಲು ಕಣಪ್ಪ.”

ನಾನು ತಲೆಯೆತ್ತಲಿಲ್ಲ. ಅವರು ಎದ್ದುಹೋದದ್ದು ಚಪ್ಪಲಿಯ ಸದ್ದಿನಿಂದ ತಿಳಿಯಿತು. ಮಾರನೆಯ ವಾರ ನಾನೇ ಹೊಸ ನಕ್ಷೆ ಬರೆದು ಸಹಿ ಹಾಕಿದೆ: ಸುತ್ತ ಆಳೆತ್ತರದ ಗೋಡೆ, ಪೇಟೆ ಬೀದಿಗೆ ಒಂದೇ ಗೇಟು. ಗೋಡೆಗೆ ಅಡ್ಡ ಬಂದವೆಂದು ಎರಡು ಹೊಂಗೆ ಮರಗಳೂ ಹೋದವು. ಟೀಚರಮ್ಮ ಮತ್ತೆ ಆಫೀಸಿಗೆ ಬರಲಿಲ್ಲ. ಒಮ್ಮೆ ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಡರು. ಮಾತಾಡಿಸಿದ್ದರೆ ಮಾತಾಡುತ್ತಿದ್ದರೋ ಏನೋ. ನಾನು ಪೇಪರ್ ಅಂಗಡಿಯ ಮರೆಗೆ ಸರಿದು, ಅವರ ಬಸ್ಸು ಹೊರಡುವವರೆಗೂ ಅಲ್ಲೇ ನಿಂತೆ.

ಕೆಲವು ವರ್ಷಗಳ ನಂತರ ನನಗೆ ನಂಜನಗೂಡಿಗೆ ವರ್ಗವಾಯಿತು. ಅಲ್ಲಿ ಒಂದು ಸಣ್ಣ ಪಾರ್ಕಿನ ಕೆಲಸ ಸಿಕ್ಕಾಗ ಕಾಪಿ ಪುಸ್ತಕ ಹಿಡಿದು ಹದಿನೈದು ದಿನ ಕೂತೆ. ಮೂರು ಗೇಟು ಇಡಿಸಿದೆ. ಆಕ್ಷೇಪಣೆ ಬಂದಾಗ ಈ ಸಲ ಎದ್ದುನಿಂತು ಮಾತಾಡಿದೆ. ಪಾರ್ಕು ಚೆನ್ನಾಗಿ ಬಂತು. ಟೀಚರಮ್ಮನನ್ನು ಕರೆತಂದು ತೋರಿಸಬೇಕು ಎಂದುಕೊಂಡೆ. ಬೇಸಿಗೆ ಕಳೆಯಲಿ, ಗಿಡ ಹೂ ಬಿಡಲಿ, ಎಲೆಕ್ಷನ್ ಡ್ಯೂಟಿ ಮುಗಿಯಲಿ… ಹೀಗೇ ಎರಡು ವರ್ಷ ಹೋದವು.

ಕೊನೆಗೊಂದು ಭಾನುವಾರ ಸೋಸಲೆಗೆ ಹೋದೆ. ಬಾಗಿಲು ತೆಗೆದದ್ದು ಅವರ ತಂಗಿ.

“ಅಕ್ಕ ಓದ್ ವರ್ಸನೇ ತೀರ್ಕಂಡ್ರು ಕಣಪ್ಪ. ನೀವ್ಯಾರು?”

ನಾನು ಯಾರೆಂದು ಹೇಳಿದೆ, ಆ ಪೇಟೆಯ ಪಾರ್ಕಿನ, ಕೇರಿ ಕಡೆಯ ಗೇಟಿನ ವಿಷಯವನ್ನೂ ಹೇಳಿದೆ. ಆಕೆ ನೆನಪು ಮಾಡಿಕೊಳ್ಳಲು ನೋಡಿ ತಲೆಯಾಡಿಸಿದರು. “ನಿಮ್ ಇಸ್ಯ ಏನೂ ಏಳಿರ್ನಿಲ್ಲ ನೋಡಿ.” ಬೈದಿರುತ್ತಾರೆಂದು ನಾನು ಸಿದ್ಧನಾಗಿಯೇ ಹೋಗಿದ್ದೆ. ನನ್ನ ಹೆಸರೇ ಎತ್ತಿರಲಿಲ್ಲ ಎಂಬುದಕ್ಕೆ ಮಾತ್ರ ಸಿದ್ಧನಿರಲಿಲ್ಲ.

ಕಾಫಿ ಕೊಡುತ್ತಾ ಆಕೆ ತಮ್ಮ ಪಾಡಿಗೆ ಹೇಳಿದರು: “ನಾವ್ ಉಟ್ಟಿದ್ದು ಅದೇ ಕೇರೀಲಿ. ಅಕ್ಕ ನನ್ ಕೈ ಇಡ್ಕಂಡು ಅದೇ ಜಾಗದ್ ಮೇಲೆ ಇಸ್ಕೂಲ್ಗೆ ಕರ್ಕಂಡ್ ಓಯ್ತಿದ್ಲು. ಆಗೆಲ್ಲ ಬರೀ ಮುಳ್ಳು.”

ಹದಿನೈದು ದಿನ ಪಕ್ಕದಲ್ಲಿ ಕೂತಿದ್ದರೂ ಟೀಚರಮ್ಮ ಇದನ್ನು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಈಗ ನಾನೂ ನಿವೃತ್ತ. ಹೋದ ತಿಂಗಳು ಆ ಪೇಟೆಯ ಮೇಲೆ ಹಾದುಹೋಗುವಾಗ ಬಸ್ಸಿಳಿದೆ. ಗೋಡೆಗೆ ಹೊಸದಾಗಿ ಬಣ್ಣ ಬಳಿದಿದ್ದರು. ಶಾಲೆ ಬಿಡುವ ಹೊತ್ತು. ಕೇರಿಯ ಮಕ್ಕಳು ಬ್ಯಾಗು ಹೊತ್ತುಕೊಂಡು ಗೋಡೆಯನ್ನು ಬಳಸಿ, ಲಾರಿಗಳು ಹೋಗುವ ಟಾರು ರಸ್ತೆಯ ಅಂಚಿನಲ್ಲಿ ಸಾಲಾಗಿ ಮನೆಗೆ ನಡೆಯುತ್ತಿದ್ದರು. ಗೋಡೆಯನ್ನು ಯಾರೂ ತಿರುಗಿ ನೋಡಲಿಲ್ಲ. ಅಲ್ಲೊಂದು ದಾರಿ ಇತ್ತೆಂದು ಅವರಿಗೆ ಹೇಳಬಹುದಾಗಿದ್ದವರು ಇಲ್ಲ. ಹೇಳಬೇಕಾಗಿದ್ದ ನಾನು, ಅವರೆಲ್ಲ ದಾಟಿಹೋಗುವವರೆಗೆ ಸುಮ್ಮನೆ ನಿಂತಿದ್ದೆ.